ಕಾವೇರಮ್ಮನ ಕರಾರು

ಪುರಾಣವನ್ನು ಗ್ರಂಥದಲ್ಲಿ ಓದಿ ತಿಳಿಯುವುದು ಒಂದು ಬಗೆ. ಅದು ನಡೆಯಿತೆಂದು ಜನ ನಂಬುವ ನೆಲದಲ್ಲಿ ಸಂಚರಿಸಿ ತಿಳಿಯುವುದು ಇನ್ನೊಂದು ಬಗೆ. ಮಠದ ಸಂಸ್ಕೃತ ಪಾಠಗಳ ನಡುವೆ ಕಾವೇರಿಯ ಮಹಿಮೆಯನ್ನು ನಾವು ಬಾಲ್ಯದಲ್ಲಿಯೇ ಕೇಳಿದ್ದೆವು. ಆ ಕಥೆಯ ದಾರಿಯನ್ನು ಒಬ್ಬರೇ ಸಾವಧಾನವಾಗಿ ಕ್ರಮಿಸುವ ಯೋಗ ಒದಗಿದ್ದು ಅರವತ್ತು ದಾಟಿದ ಮೇಲೆ. ತುಲಾಮಾಸ ಮುಗಿದು ಗದ್ದೆಗಳು ಹೊಂಬಣ್ಣಕ್ಕೆ ತಿರುಗಿದ ದಿನಗಳಲ್ಲಿ, ನಮ್ಮ ಸಣ್ಣ ಕಾರನ್ನು ನಾವೇ ನಡೆಸಿಕೊಂಡು ವಿರಾಜಪೇಟೆಯಿಂದ ಬೆಳಗಿನ ಮಂಜಿನಲ್ಲಿ ಹೊರಟೆವು.

ಮೊದಲು ಕಕ್ಕಬ್ಬೆ. ಅಲ್ಲಿಯ ಪಾಡಿ ಇಗ್ಗುತಪ್ಪ ಕೊಡವರ ಕುಲದೈವ, ಮಳೆ ಬೆಳೆಗಳನ್ನು ಕಾಯುವ ದೇವರು. ಕೇರಳದ ಕಡೆಯಿಂದ ಬಂದ ಒಡಹುಟ್ಟಿದ ದೇವತೆಗಳಲ್ಲಿ ಈತನೊಬ್ಬನೆಂದು ಹೇಳುತ್ತಾರೆ. ಹುತ್ತರಿಯ ಕದಿರು ತೆಗೆಯುವ ಮುಹೂರ್ತ ಇಂದಿಗೂ ಈ ಸನ್ನಿಧಿಯಲ್ಲಿಯೇ ನಿಶ್ಚಯವಾಗುತ್ತದೆ. ಜಪಾನಿನ ಇಝುಮೊ ಕ್ಷೇತ್ರದ ವಿಷಯ ನಮಗೆ ನೆನಪಾಯಿತು. ಹಳೆಯ ಚಾಂದ್ರಮಾನದ ಹತ್ತನೆಯ ತಿಂಗಳಲ್ಲಿ ಆ ದೇಶದ ದೇವತೆಗಳೆಲ್ಲ ಅಲ್ಲಿ ಕೂಡುವರೆಂಬ ನಂಬಿಕೆಯಿದೆ. ಆದ್ದರಿಂದ ಉಳಿದ ಸೀಮೆಗಳವರು ಅದನ್ನು ದೇವರಿಲ್ಲದ ತಿಂಗಳೆಂದು ಕರೆದರು. ಅಷ್ಟು ದೂರದ ಜನರೂ ತಮ್ಮ ಕಾಲಗಣನೆಯನ್ನು ಕಥೆಯೊಡನೆ ಹೆಣೆದುಕೊಂಡಿದ್ದಾರೆ.

ಇಷ್ಟಲಿಂಗಧಾರಿಗಳಾದ ನಮಗೆ ಈ ಸ್ಥಾವರ ಕ್ಷೇತ್ರಗಳ ಗೊಡವೆ ಏಕೆಂದು ಕೆಲವರು ಕೇಳಬಹುದು. ಕೊಡಗನ್ನು 1834ರವರೆಗೆ ಆಳಿದ ಹಾಲೇರಿ ಅರಸರು ನಮ್ಮ ಧರ್ಮದವರೇ. ಇಗ್ಗುತಪ್ಪನ ಗುಡಿಯನ್ನು 1810ರಲ್ಲಿ ಕಟ್ಟಿಸಿದವನು ಲಿಂಗರಾಜೇಂದ್ರ. ವಿರಾಜಪೇಟೆಗೆ ಹೆಸರು ಕೊಟ್ಟ ದೊಡ್ಡವೀರರಾಜೇಂದ್ರನು 1790ರಲ್ಲಿ ಭಾಗಮಂಡಲವನ್ನು ಟಿಪ್ಪುವಿನ ಸೈನ್ಯದಿಂದ ಮರಳಿ ಪಡೆದನು. ತಮ್ಮ ಆಚಾರವನ್ನು ಬಿಡದೆ ಪ್ರಜೆಗಳ ನಂಬಿಕೆಯನ್ನು ಕಾಯುವುದೂ ರಾಜಧರ್ಮವೆಂದು ಅವರು ಬಗೆದಿದ್ದರೆಂದು ನಮಗೆ ತೋರುತ್ತದೆ.

ನಾಪೋಕ್ಲು ಮಾರ್ಗವಾಗಿ ಭಾಗಮಂಡಲವನ್ನು ಸೇರಿದೆವು. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಇಲ್ಲಿ ಕೂಡುತ್ತವೆಂದು ಪ್ರತೀತಿ. ಅಲ್ಲಿಂದ ಎಂಟು ಕಿಲೋಮೀಟರು ಏರಿದರೆ ತಲಕಾವೇರಿ. ಕವೇರ ಮುನಿಯ ಮಗಳು ಅಗಸ್ತ್ಯರನ್ನು ವರಿಸುವಾಗ ಒಂದು ಕರಾರು ಹಾಕಿದಳಂತೆ: ತನ್ನನ್ನು ಒಂಟಿಯಾಗಿ ಬಿಟ್ಟುಹೋದರೆ ತಾನು ಹರಿದುಹೋಗುವೆನೆಂದು. ಒಂದು ದಿನ ಮುನಿಗಳು ಆಕೆಯನ್ನು ಕಮಂಡಲುವಿನಲ್ಲಿಟ್ಟು ಸ್ನಾನಕ್ಕೆ ಹೋದರು, ಕಾವೇರಿ ಹರಿದಳು. ಶಿಷ್ಯರು ತಡೆಯಲು ಬಂದಾಗ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಮೇಲೆದ್ದಳು.

ಕುಂಡಿಕೆಯ ಮುಂದೆ ಕೈಮುಗಿದು ತಲೆಯೆತ್ತಿದಾಗ ನಮ್ಮ ಕಣ್ಣು ಗಜಗಿರಿಯ ಮೇಲೆ ನಿಂತಿತು. 2020ರ ಆಗಸ್ಟ್ ತಿಂಗಳ ಭಾರೀ ಮಳೆಯಲ್ಲಿ ಆ ಬೆಟ್ಟ ಕುಸಿದು, ಅರ್ಚಕರ ಮನೆ ನಿದ್ರೆಯಲ್ಲಿದ್ದವರ ಸಮೇತ ಮಣ್ಣಿನಡಿಗೆ ಸೇರಿತು. 2018ರಲ್ಲಿಯೂ ಕೊಡಗಿನ ಬೆಟ್ಟಗಳು ಹೀಗೆಯೇ ಜರಿದು ಎಷ್ಟೋ ಮನೆಗಳನ್ನು ಕೊಂಡೊಯ್ದಿದ್ದವು. ದೇವಿ ಮುನಿದಳೆಂದು ಹೇಳುವುದು ಸುಲಭ. ತಾಯಿಯನ್ನು ಅಲಕ್ಷಿಸಿ ಸಂತ್ರಸ್ತರನ್ನೇ ದೂಷಿಸುವುದು ಧರ್ಮವಲ್ಲ. ಆದರೆ ಕರಾರಿನ ನೆನಪು ನಮ್ಮನ್ನು ಬಿಡಲಿಲ್ಲ. ಋಷಿಗೂ ರಿಯಾಯಿತಿ ಕೊಡದ ಕಾವೇರಿ ನಮಗೆ ಕೊಡುವಳೇ? ಕಾಡು ಕಡಿದ ಬೆಟ್ಟದಲ್ಲಿ ನೀರು ನಿಲ್ಲದು, ಮಣ್ಣೂ ನಿಲ್ಲದು. ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಬತ್ತುವ ಹೊಳೆಯೆಂದರೆ, ಒಂಟಿಯಾಗಿ ಬಿಡಲ್ಪಟ್ಟ ಹೊಳೆಯೇ.

ಹಿಂದಿರುಗುವಾಗ ಮೂರ್ನಾಡಿನ ಸಮೀಪದ ಬಲಮುರಿಯಲ್ಲಿ ಇಳಿದೆವು. ಇಲ್ಲಿ ಜನ ಅಡ್ಡನಿಂತು ಬೇಡಿಕೊಂಡರೂ ಕಾವೇರಿ ನಿಲ್ಲಲಿಲ್ಲವಂತೆ. ಆಕೆಯ ಸೆಳೆತಕ್ಕೆ ಹೆಂಗಸರ ಸೀರೆಯ ನಿರಿಗೆ ಹಿಂದಕ್ಕೆ ಸರಿಯಿತಂತೆ. ಕೊಡವ ಸ್ತ್ರೀಯರು ಇಂದಿಗೂ ನಿರಿಗೆಯನ್ನು ಹಿಂದಕ್ಕೇ ಉಡುತ್ತಾರೆ. ಒಂದು ಜನಾಂಗ ತನ್ನ ಕಥೆಯನ್ನು ದಿನವೂ ಮೈಮೇಲೆ ಧರಿಸುವುದೆಂದರೆ ಅದೇನು ಸಾಮಾನ್ಯವೇ?

ಕೊರಳಲ್ಲಿ ಲಿಂಗವನ್ನು ಧರಿಸಿದ ನಮಗೆ ಇದರ ಅರ್ಥ ಬೇಗ ಆಗಬೇಕು. ಧರಿಸಿದ ಮೇಲೆ ಅದಕ್ಕೆ ತಕ್ಕ ನಡೆ ಬೇಕು. ತುಲಾ ಸಂಕ್ರಮಣದ ತೀರ್ಥವನ್ನು ಮನೆಗೆ ತರುವ ಬಂಧುಗಳು ಪ್ಲಾಸ್ಟಿಕ್ ಸೀಸೆಯನ್ನು ಹೊಳೆಯ ದಡದಲ್ಲಿ ಬಿಡದೆ ಬರಲಿ. ತೋಟವುಳ್ಳವರು ಇಳಿಜಾರಿನ ಹಳೆಯ ಮರಗಳನ್ನು ಉಳಿಸಲಿ. ಕಾವೇರಮ್ಮ ಕೇಳಿದ್ದು ತನ್ನನ್ನು ಒಂಟಿಯಾಗಿ ಬಿಡಬೇಡಿರೆಂದು ಮಾತ್ರ.