ಗುಂಡೇನಹಳ್ಳಿ ಕ್ರಾಸಿನ ಆ ನಸುಕು

2024ರ ಜೂನ್ 28, ಶುಕ್ರವಾರ. ಬ್ಯಾಡಗಿಯಲ್ಲಿ ಬೆಳಗಿನ ಚಹಾದ ಹೊತ್ತಿಗೇ ಸುದ್ದಿ ಹಬ್ಬಿತ್ತು: ಹೆದ್ದಾರಿಯ ಗುಂಡೇನಹಳ್ಳಿ ಕ್ರಾಸಿನ ಹತ್ತಿರ ನಿಂತ ಲಾರಿಗೆ ಟೆಂಪೋ ಟ್ರಾವೆಲರ್ (ಟಿಟಿ) ಬಡಿದಿದೆ, ಹೋದವರು ಬಹಳ ಮಂದಿ. ಹೊತ್ತೇರಿದಂತೆ ಲೆಕ್ಕ ತಿಳಿಯಿತು, 13 ಜನ. ಹೆಂಗಸರು, ಮಕ್ಕಳು, ಗಾಡಿ ಓಡಿಸುತ್ತಿದ್ದ ಹುಡುಗನೂ ಸೇರಿ. ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಯವರು. ಸವದತ್ತಿ ಯಲ್ಲಮ್ಮನಿಗೆ ನಡಕೊಂಡು ಊರಿಗೆ ಮರಳುತ್ತಿದ್ದವರು. ಇಡೀ ಊರೇ ಅಂದು ಮಾತು ಕಳಕೊಂಡಿತ್ತು.

ಆ ಮಾತು ಬಂದಾಗೆಲ್ಲ ನಮ್ಮದೇ ಒಂದು ರಾತ್ರಿ ಕಣ್ಣಮುಂದೆ ಬರುತ್ತದೆ. ನಾವೂ ಹಾಗೇ ಬಾಡಿಗೆ ಗಾಡಿ ಮಾಡಿಕೊಂಡು ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆವು. ಬರುವಾಗ ನಡುರಾತ್ರಿ ದಾಟಿತ್ತು. ಹಿಂದೆ ಎಲ್ಲರೂ ಒಬ್ಬರ ಹೆಗಲ ಮೇಲೊಬ್ಬರು ಒರಗಿ ಮಲಗಿದ್ದರು. ಡ್ರೈವರ್ ಕಿಟಕಿ ಪೂರ್ತಿ ಇಳಿಸಿದ್ದ. ದವಡೆಯಲ್ಲಿ ಅಡಿಕೆ, ಕೊರಳಲ್ಲಿ ಒದ್ದೆ ಟವೆಲ್ಲು. ಹುಬ್ಬಳ್ಳಿ ದಾಟಿದ ಮೇಲೆ ಗಾಡಿ ಒಮ್ಮೆ ಮೆಲ್ಲಗೆ ಎಡಕ್ಕೆ ಸರಿದು, ಗಾಲಿ ಮಣ್ಣಿಗಿಳಿದು ಜರ್ರೆಂದಿತು.

ಮುಂದಿನ ಸೀಟಿನಲ್ಲಿದ್ದ ದೊಡ್ಡಪ್ಪ ಕೇಳಿದರು: “ತಮ್ಮಾ, ಕಣ್ಣು ಎಳ್ಯಾಕತ್ತಾವೇನು?”

“ಏನಿಲ್ರೀ ಕಾಕಾ, ಇನ್ನೇನು ಹಾವೇರಿ ಬಂತು.”

“ಹಾವೇರಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಗಾಡಿ ಆ ಢಾಬಾದ ಒಳಗ ಹಚ್ಚು.”

ಹಚ್ಚಿದ. ಮುಖ ತೊಳಕೊಂಡು ಬಂದು ಹೇಳಿದ: ಹಿಂದಿನ ರಾತ್ರಿ ಮದುವೆ ಬಾಡಿಗೆ ಇತ್ತಂತೆ, ನೆಲಕ್ಕೆ ಬೆನ್ನು ಹಚ್ಚಿರಲಿಲ್ಲವಂತೆ. ಗಾಡಿಯ ಕಂತು ಕಟ್ಟಬೇಕು, ಬಂದ ಬಾಡಿಗೆ ಬಿಟ್ಟರೆ ಹೇಗೆ? ಸೀಟು ಹಿಂದಕ್ಕೆ ಒರಗಿಸಿದ ಮರುಗಳಿಗೆಗೆ ಅವನಿಗೆ ಗಾಢ ನಿದ್ದೆ. ಬೆಳಕು ಹರಿದ ಮೇಲೆಯೇ ನಾವು ಹೊರಟದ್ದು.

ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಡ್ರೈವರನಿಗೆ ಎರಡು ಸೆಕೆಂಡು ಜೊಂಪು ಹತ್ತಿದರೆ ಸಾಕು. ಹಿಂದೀಪವಿಲ್ಲದ ಲಾರಿ ದಾರಿಯ ಮಗ್ಗುಲಿಗೆ ನಿಂತಿದ್ದರಂತೂ ಎಚ್ಚರವಿದ್ದವನಿಗೂ ಅದು ತೀರ ಹತ್ತಿರ ಬರುವವರೆಗೆ ಕಾಣುವುದಿಲ್ಲ. ಅಪಾಯವಾಗುವಂತೆ ಗಾಡಿ ನಿಲ್ಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಕೆಟ್ಟು ನಿಂತ ಗಾಡಿ ಕಂಡರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಒಂದು ಫೋನು ಮಾಡಿದರೂ ಹಿಂದೆ ಬರುವವರ ಜೀವ ಉಳಿದೀತು.

ಬಾಡಿಗೆ ಗೊತ್ತು ಮಾಡುವಾಗ ಕಿಲೋಮೀಟರಿಗೆಷ್ಟು, ಡ್ರೈವರ್ ಬಾಟಾ ಎಷ್ಟು ಎಂದು ಎಲ್ಲರೂ ಚೌಕಾಸಿ ಮಾಡುತ್ತಾರೆ. ನಿನ್ನೆ ರಾತ್ರಿ ಮಲಗಿದ್ದೆಯಾ ಎಂದು ಮೊದಲು ಕೇಳಬೇಕು. ಗುಡ್ಡಕ್ಕೆ ಹೋದರೆ ರಾತ್ರಿ ಅಲ್ಲೇ ವಸ್ತಿ ಮಾಡಿ, ಅವನಿಗೂ ಊಟ, ಹಾಸಿಗೆ ಕೊಡಿಸಿ, ಬೆಳಗಾದ ಮೇಲೆ ಹೊರಡಿ. ಒಂದು ದಿನದ ಬಾಡಿಗೆ ಹೆಚ್ಚಾದೀತು, ಆಗಲಿ. ಅವನೂ ಒಂದು ಮನೆಯ ಮಗನೇ.