ಬಿಡಲರಿಯದ ಹಿಡಿತ

ಹಿಡಿಯುವುದು ಒಂದು ಶಕ್ತಿ. ಬಿಡುವುದು ಮತ್ತೊಂದು ಶಕ್ತಿ. ಮೊದಲನೆಯದನ್ನು ಲೋಕವೆಲ್ಲ ಕೊಂಡಾಡುತ್ತದೆ. ಹಿಡಿದ ಕೆಲಸವನ್ನು ಬಿಡದವನು, ಹಿಡಿದ ಹಟವನ್ನು ಸಾಧಿಸಿದವನು ಎಂದು ನಾವು ಮೆಚ್ಚಿ ಆಡುತ್ತೇವೆ. ಬಿಡುವುದರ ಹಿರಿಮೆ ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಆದರೆ ನಮ್ಮ ಹಿರಿಯರು ಅದನ್ನು ಮರೆತವರಲ್ಲ. ಬಿಡಲರಿಯದ ಹಿಡಿತವನ್ನು ಅವರು ಕಪಿಮುಷ್ಟಿ ಎಂದರು. ಗಜೇಂದ್ರನ ಕಾಲನ್ನು ಕಚ್ಚಿ ಹಿಡಿದ ಮೊಸಳೆಯ ಕಥೆಯನ್ನು ಮಕ್ಕಳಿಗೆ ಹೇಳಿದರು. ಈ ಕಥೆಯ ಅರ್ಥ ನನಗೆ ಮನದಟ್ಟಾದದ್ದು ಪುರಾಣಶ್ರವಣದಿಂದಲ್ಲ, ಒಂದು ಕಾರಿನ ಚಕ್ರದಿಂದ. ಅದೂ ಮೊಸಳೆ ಎಂಬ ಹೆಸರಿನ ಊರಿನಲ್ಲಿಯೇ!

ಮೊಸಳೆ ಹಾಸನದ ಸಮೀಪದ ಒಂದು ಹಳ್ಳಿ. ಸುಮಾರು 1200ರ ಹೊತ್ತಿಗೆ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ಕಟ್ಟಿದ ಎರಡು ಗುಡಿಗಳು ಅಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ. ಒಂದು ನಾಗೇಶ್ವರನದು, ಇನ್ನೊಂದು ಚೆನ್ನಕೇಶವನದು. ಅಳತೆಯಲ್ಲಿ, ಆಕಾರದಲ್ಲಿ ಅವು ಅವಳಿ ಮಕ್ಕಳಂತಿವೆ. ಒಂದನ್ನು ನೋಡಿದ ಕಣ್ಣು ತಾನಾಗಿಯೇ ಇನ್ನೊಂದರ ಕಡೆಗೆ ತಿರುಗಿ, ಎಲ್ಲಿ ಹೋಲಿಕೆ, ಎಲ್ಲಿ ವ್ಯತ್ಯಾಸ ಎಂದು ಹುಡುಕತೊಡಗುತ್ತದೆ.

ನನ್ನ ಭಾವನವರು ತಮ್ಮ ಕಾರಿನಲ್ಲಿ ಮೈಸೂರಿನಿಂದ ಮಂಗಳೂರಿಗೆ ಹೊರಟಿದ್ದರು. ಮರುದಿನ ಬೆಳಿಗ್ಗೆ ಅಲ್ಲಿ ನಮ್ಮ ಸೋದರತ್ತೆಯ ಮೊಮ್ಮಗಳ ಮದುವೆ. ಎಂಬತ್ತು ಸಮೀಪಿಸಿದ್ದ ಅತ್ತೆಯೂ ನಾನೂ ಜೊತೆಯಲ್ಲಿದ್ದೆವು. ಹೊಳೆನರಸೀಪುರದ ದಾರಿಯಾಗಿ ಬಂದು, ಮೊಸಳೆಯ ಗುಡಿಗಳನ್ನು ನೋಡಿಕೊಂಡು, ಹಾಸನ, ಸಕಲೇಶಪುರಗಳನ್ನು ದಾಟಿ, ರಾತ್ರಿಯೊಳಗೆ ಶಿರಾಡಿ ಘಾಟಿಯನ್ನು ಇಳಿಯಬೇಕೆಂಬುದು ನಮ್ಮ ಎಣಿಕೆ. ಮಳೆಗಾಲದುದ್ದಕ್ಕೂ ಮನೆಯ ಮುಂದೆ ನಿಂತೇ ಇದ್ದ ಕಾರು ಅಂದು ಬಹುದಿನಗಳ ಮೇಲೆ ದೂರ ಪ್ರಯಾಣಕ್ಕೆ ಹೊರಟಿತ್ತು. ದಾರಿಯಲ್ಲಿ ಅದು ಆಗಾಗ ಎಡಕ್ಕೆ ಎಳೆಯುತ್ತಿದ್ದಿತು. ಗುಡಿಯ ಬಳಿ ಇಳಿದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮುಂದಿನ ಎಡಚಕ್ರದಿಂದ ಕಾವು ಏಳುತ್ತಿತ್ತು. ಅಲ್ಲಿದ್ದವರೊಬ್ಬರು ಕನಿಕರದಿಂದ ಒಂದು ಕೊಡ ನೀರನ್ನೇ ಹೊತ್ತು ತಂದರು.

ಅಷ್ಟರಲ್ಲಿ, ಕರೆಕಳುಹಿಸಿದ್ದ ಮೆಕ್ಯಾನಿಕ್ ಬಂದ. ಆತ ಹಿರಿಯ ವಯಸ್ಸಿನವನು. "ನೀರು ಹಾಕಬೇಡಿ ಸ್ವಾಮಿ, ಕಾದ ಎರಕದ ಕಬ್ಬಿಣ, ಸೀಳಿ ಹೋದೀತು. ತಾನಾಗಿ ಆರಲಿ" ಎಂದು ಕೊಡವನ್ನು ಕೆಳಗಿಡಿಸಿದ. ಅನಂತರ ಚಕ್ರಗಳನ್ನು ಮುಟ್ಟದೆ, ಒಂದೊಂದರ ಬಳಿಯೂ ಅಂಗೈಯೊಡ್ಡಿ ನೋಡಿದ. ಬಲಚಕ್ರ ಬೆಚ್ಚಗಿತ್ತು, ಎಡಚಕ್ರದ ಬಳಿ ಕೈ ನಿಲ್ಲಲಿಲ್ಲ. ಗುಡಿಗಳ ಮುಂದೆ ನಾನು ಆಗತಾನೆ ಮಾಡಿದ್ದ ಕೆಲಸವನ್ನೇ ಆತ ಚಕ್ರಗಳ ಮುಂದೆ ಮಾಡಿದ್ದ. ಜೋಡಿಯಲ್ಲಿ ಒಂದರ ದೋಷವನ್ನು ಇನ್ನೊಂದು ತೋರಿಸಿಕೊಡುತ್ತದೆ.

ಈ ಬ್ರೇಕಿನ ಬಗೆಯನ್ನು ಸ್ವಲ್ಪ ತಿಳಿಯೋಣ. ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆಯೊಂದುಂಟು, ಅದೇ ಡಿಸ್ಕ್. ಅದನ್ನು ಇಕ್ಕುಳದಂತೆ ಎರಡು ಬದಿಯಿಂದಲೂ ಅಪ್ಪಿ ಕುಳಿತಿರುವುದು ಕ್ಯಾಲಿಪರ್. ನಾವು ಕಾಲಿನಿಂದ ಪೆಡಲನ್ನು ಒತ್ತಿದಾಗ, ಕೊಳವೆಗಳಲ್ಲಿ ತುಂಬಿರುವ ದ್ರವ ಆ ಒತ್ತಡವನ್ನು ಕ್ಯಾಲಿಪರಿನ ಪಿಸ್ಟನ್ನಿಗೆ ಮುಟ್ಟಿಸುತ್ತದೆ. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಹದಿನೇಳನೆಯ ಶತಮಾನದಲ್ಲಿ ಪ್ಯಾಸ್ಕಲ್ ತೋರಿಸಿಕೊಟ್ಟ ನಿಯಮವೇ ಇಲ್ಲಿ ದುಡಿಯುತ್ತಿದೆ. ಪಿಸ್ಟನ್ ಮುಂದೆ ಸರಿದು ಒಳಗಿನ ಪ್ಯಾಡನ್ನು ತಟ್ಟೆಗೆ ಒತ್ತುತ್ತದೆ. ಅದರ ಪ್ರತಿಬಲದಿಂದ ಕ್ಯಾಲಿಪರ್ ತಾನೇ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಒತ್ತುತ್ತದೆ. ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಆದರೆ 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಜಾಗ್ವಾರ್ ಕಾರು ಈ ಬ್ರೇಕುಗಳೊಡನೆ ಗೆದ್ದ ಮೇಲೆ ಲೋಕದ ಕಣ್ಣು ಇದರ ಮೇಲೆ ಬಿದ್ದಿತು.

ಇಷ್ಟು ಹಿಡಿಯುವ ಮಾತಾಯಿತು. ಬಿಡುವುದು ಹೇಗೆ? ಸೋಜಿಗವಿರುವುದು ಇಲ್ಲಿಯೇ. ಸಾಮಾನ್ಯವಾಗಿ ಪಿಸ್ಟನ್ನನ್ನು ಹಿಂದಕ್ಕೆಳೆಯಲು ಅಲ್ಲಿ ಬೇರೆ ಸ್ಪ್ರಿಂಗ್ ಇರುವುದಿಲ್ಲ. ಪಿಸ್ಟನ್ನಿನ ಸುತ್ತ ಒಂದು ರಬ್ಬರಿನ ಉಂಗುರವಿದೆ. ಪಿಸ್ಟನ್ ಮುಂದೆ ಹೋದಾಗ ಅದು ತುಸು ಬಾಗುತ್ತದೆ. ಒತ್ತಡ ತೀರಿದೊಡನೆ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಈ ಕೂದಲೆಳೆಯಷ್ಟು ಬಿಡುವಿನಲ್ಲಿ ಚಕ್ರದ ಸ್ವಾತಂತ್ರ್ಯವೆಲ್ಲ ಅಡಗಿದೆ! ರಬ್ಬರಿನ ಹೊದಿಕೆ ಹರಿದು ನೀರು, ಧೂಳು ಒಳಹೊಕ್ಕು ಪಿಸ್ಟನ್ ಅಥವಾ ಪಿನ್ನು ತುಕ್ಕು ಹಿಡಿದರೆ, ಇಲ್ಲವೆ ರಬ್ಬರ್ ಕೊಳವೆ ಒಳಗೇ ಊದಿಕೊಂಡು ದ್ರವ ಹಿಂದಿರುಗದಂತೆ ತಡೆದರೆ ಆ ಬಿಡುವು ಇಲ್ಲವಾಗುತ್ತದೆ. ಆಗ ನಾವು ಕಾಲು ತೆಗೆದರೂ ಬ್ರೇಕು ಬಿಡದು.

ಚಕ್ರ ಆರಿದ ಮೇಲೆ ಮೆಕ್ಯಾನಿಕ್ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜ್ಯಾಕಿನಿಂದ ಕಾರನ್ನು ಎತ್ತಿ, ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದ. ಅದು ಮುಲುಗುತ್ತ ತುಸು ತಿರುಗಿ ನಿಂತಿತು. ಕ್ಯಾಲಿಪರಿನ ಮೇಲಿನ ಗಾಳಿ ತೆಗೆಯುವ ತಿರುಪನ್ನು ಸಡಿಲಿಸಿದಾಗ ನಾಲ್ಕು ಹನಿ ದ್ರವ ತೊಟ್ಟಿಕ್ಕಿತು. ಚಕ್ರ ಮಾತ್ರ ಸಡಿಲಾಗಲಿಲ್ಲ. "ಕೊಳವೆಯಲ್ಲಿ ಒತ್ತಡ ಉಳಿದಿದ್ದರೆ ಈಗ ಬಿಡಬೇಕಾಗಿತ್ತು. ರೋಗ ಇಲ್ಲೇ ಇದೆ" ಎಂದು ಕ್ಯಾಲಿಪರನ್ನು ಬಿಚ್ಚಿದ. ಒಂದು ಪಿನ್ನು ಸಲೀಸಾಗಿ ಜಾರಿತು. ಇನ್ನೊಂದು ತುಕ್ಕು ಹಿಡಿದು ಕದಲಲೇ ಇಲ್ಲ. ಒಳಗಿನ ಪ್ಯಾಡು ಹೊರಗಿನದಕ್ಕಿಂತ ಬಹಳ ಸವೆದಿತ್ತು, ತಟ್ಟೆ ಕಾದು ನೀಲಿಗಟ್ಟಿತ್ತು, ದ್ರವ ಕಪ್ಪಾಗಿತ್ತು.

"ಹೇಗಾದರೂ ಒರೆಸಿ ಕೂಡಿಸಿಬಿಡಿ, ರಾತ್ರಿಗೆ ಘಾಟಿ ಇಳಿಯಬೇಕು" ಎಂದರು ಭಾವ.

ಆತ ಸ್ಪ್ಯಾನರನ್ನು ಕೆಳಗಿಟ್ಟ. "ಸ್ವಾಮಿ, ಊರೊಳಗೆ ಓಡಾಡುತ್ತೇನೆಂದರೂ ನಾನು ಒಪ್ಪುವವನಲ್ಲ. ಶಿರಾಡಿಗಂತೂ ಈ ಗಾಡಿಯನ್ನು ಕೊಡಲಾರೆ" ಎಂದ.

ಅವನ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಡಾಟ್ 3 ಎಂಬ ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ನಿಗದಿಯಷ್ಟು ತೇವ ಹೀರಿದ ಮೇಲೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಬಿಡದ ಬ್ರೇಕು ಕಾದು ದ್ರವ ಕುದಿದರೆ ಕೊಳವೆಯಲ್ಲಿ ಆವಿ ತುಂಬುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಆದ್ದರಿಂದ ಪೆಡಲು ನೆಲ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ಬಿಡಲರಿಯದ ಬ್ರೇಕು ಕೊನೆಗೆ ಹಿಡಿಯುವುದನ್ನೂ ಮರೆಯುತ್ತದೆ!

ಭಾವನವರು ಗಡಿಯಾರವನ್ನು ನೋಡುತ್ತ ಮೌನವಾದರು. ಪ್ರಯಾಣಕ್ಕೆ ಎಲ್ಲರಿಗಿಂತ ಹೆಚ್ಚು ಆತುರಪಟ್ಟಿದ್ದವರು ಅತ್ತೆ. ಗುಡಿಯ ಜಗಲಿಯಿಂದಲೇ ಅವರೆಂದರು: "ಈ ಊರಿನ ಹೆಸರೇ ಮೊಸಳೆ, ಕಾಲು ಹಿಡಿದಿದೆ. ನಾವೂ ಹಟ ಹಿಡಿದರೆ ಬಿಡಿಸುವವರು ಯಾರಪ್ಪ? ಧಾರೆಗೆ ನಾನು ತಪ್ಪಿದರೆ ತಪ್ಪಲಿ. ಮಕ್ಕಳು ಉಳಿದಿದ್ದರೆ ಹರಸುವುದಕ್ಕೆ ನಾಳೆಯೂ ಇದೆ."

ಆ ಮಾತಿನಿಂದ ಎಲ್ಲರ ಬಿಗಿ ಸಡಿಲವಾಯಿತು. ಭಾವನವರು ಅತ್ತೆಯನ್ನು ಹಾಸನಕ್ಕೆ ಕರೆದೊಯ್ದು, ರಾತ್ರಿಯ ಬಸ್ಸಿನಲ್ಲಿ ಹೊರಟರು. ನಾನು ಕಾರಿನ ಬಳಿ ಉಳಿದೆ. ಮರುದಿನ ಹಾಸನದಿಂದ ಹೊಸ ಪಿನ್ನು, ರಬ್ಬರ್ ಹೊದಿಕೆ, ತಟ್ಟೆ, ಪ್ಯಾಡುಗಳು ಬಂದವು. ತಟ್ಟೆಯನ್ನೂ ಪ್ಯಾಡುಗಳನ್ನೂ ಆತ ಎರಡು ಚಕ್ರಗಳಿಗೂ ಜೋಡಿಯಾಗಿಯೇ ಹಾಕಿದ. ರಬ್ಬರಿಗೆ ಹೊಂದುವ ಗ್ರೀಸನ್ನೇ ಪಿನ್ನಿಗೆ ಸವರಿದ. ಬೇರೆ ಗ್ರೀಸು ರಬ್ಬರನ್ನು ಊದಿಸಿ ಕೆಡಿಸುತ್ತದೆಂದ. ಹಳೆಯ ದ್ರವವನ್ನೆಲ್ಲ ತೆಗೆದು ಹೊಸದನ್ನು ತುಂಬಿ, ಗಾಳಿಯನ್ನು ಹೊರಡಿಸಿದ. ಕೊನೆಗೆ ಚಕ್ರವನ್ನು ಕೈಯಿಂದ ತಿರುಗಿಸಿದಾಗ ಅದು ಹಗುರವಾಗಿ ಸುತ್ತಿತು. ಬ್ರೇಕ್ ಒತ್ತಿಸಿದ, ನಿಂತಿತು. ಬಿಡಿಸಿದ, ಮತ್ತೆ ಸುತ್ತಿತು. ಒತ್ತಿದಾಗ ನಿಂತದ್ದಕ್ಕಿಂತ ಬಿಟ್ಟಾಗ ಸುತ್ತಿದ್ದನ್ನೇ ಆತ ಹೆಚ್ಚು ಹೊತ್ತು ನೋಡಿದ. ಧಾರೆಯ ಹೊತ್ತಿಗೆ ಅತ್ತೆ ಮಂಟಪದಲ್ಲಿದ್ದರೆಂಬ ಸುದ್ದಿಯೂ ಅಷ್ಟರಲ್ಲಿ ಬಂದಿತ್ತು.

ನಡೆಯಲು ಕಲಿಯುವ ಮಗುವಿನ ಬೆರಳನ್ನು ತಾಯಿ ಹಿಡಿಯುತ್ತಾಳೆ, ಸಮಯವರಿತು ಬಿಡುತ್ತಾಳೆ. ಹಿಡಿಯದಿದ್ದರೆ ಮಗು ಬೀಳುತ್ತದೆ, ಬಿಡದಿದ್ದರೆ ನಡೆಯುವುದೇ ಇಲ್ಲ. ಸಿಟ್ಟನ್ನಾಗಲಿ ಹಟವನ್ನಾಗಲಿ ಹಿಡಿದಾಗ ನಮಗೆ ಬಲ ಬಂದಂತೆ ತೋರುತ್ತದೆ. ಬಿಡದೆ ಹಿಡಿದರೆ ನಾವೇ ಕಾಯುತ್ತ ಹೋಗುತ್ತೇವೆ. ಆ ಕಾವು ಮೊದಲು ತಿಳಿಯುವುದು ಪಕ್ಕದಲ್ಲಿರುವವರಿಗೆ. ಅವರು ಹೇಳಿದಾಗ ನಿಂತು ಕೇಳುವವನು ಘಾಟಿಯನ್ನು ಸುಖವಾಗಿ ಇಳಿಯುತ್ತಾನೆ.