ಗೋರೆಗಾಂವಿನ ಗುರುಮಠದಲ್ಲಿ ಒಂದು ಭಾನುವಾರ

ಮುಲುಂಡಿನಿಂದ ಗೋರೆಗಾಂವಿಗೆ ಹೋಗಬೇಕಾದರೆ ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ಪಶ್ಚಿಮ ರೈಲ್ವೆಯ ಗಾಡಿ ಹಿಡಿಯಬೇಕು. ಮಳೆಗಾಲದ ಒಂದು ಭಾನುವಾರ ನಾವು ಗಂಡಹೆಂಡಿರು ಹಾಗೆ ಹೊರಟಾಗ ಜೊತೆಗೆ ಕೆಳಮಹಡಿಯ ಬಾಯಮ್ಮನವರಿದ್ದರು. ಅವರ ಮಡಿಲಲ್ಲಿ ಪತ್ರೊಡೆಯ ಡಬ್ಬಿ. ಮಂಗಳೂರಿನ ಜೆಪ್ಪುವಿನಲ್ಲಿ ಹುಟ್ಟಿ, ಮದುವೆಯಾಗಿ ಮುಂಬಯಿಗೆ ಬಂದು, ಗಂಡ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳನ್ನು ಸಾಕಿದ ಜೀವ. ಹಿರಿಯ ಮಗ ಬ್ಯಾಂಕಿನ ಕೆಲಸ ಬಿಟ್ಟು ಧರ್ಮಗುರುವಾಗಲು ಹೋಗಿ ಮೂರು ವರ್ಷವಾದರೂ ಇವರು ಅಲ್ಲಿಗೆ ಕಾಲಿಟ್ಟಿರಲಿಲ್ಲ. “ರಾಯರೇ, ನೀವು ಬಿ.ಎ. ಓದಿದವರು. ಅವನಿಗೆ ನಾಲ್ಕು ಮಾತು ಬುದ್ಧಿ ಹೇಳಿ” ಎಂದು ನಮ್ಮನ್ನು ಹೊರಡಿಸಿದ್ದರು. ಕಡತದ ಮೇಲೆ ಟಿಪ್ಪಣಿ ಬರೆಯುವ ಬುದ್ಧಿ ಇಂಥಲ್ಲಿ ನಡೆಯುವುದೇ ಎಂಬ ಅಳುಕು ನಮಗೆ.

ಸ್ಟೇಷನ್ನಿನ ಪೂರ್ವಕ್ಕೆ ಇಳಿದು ರಿಕ್ಷಾ ಹಿಡಿದೆವು. ಆರೆ ರಸ್ತೆಯ ಗದ್ದಲದ ನಡುವೆ ಮುಂಬಯಿ ಮಹಾಧರ್ಮಪ್ರಾಂತದ ಗುರುಮಠವಿದೆ. 1954ರಲ್ಲಿ ಸಂತರೆಂದು ಸಾರಲ್ಪಟ್ಟ ಪೋಪ್ ಹತ್ತನೆಯ ಪಯಸ್ ಅವರ ಹೆಸರು ಅದಕ್ಕೆ. ಒಳಗೆ ಕಾಲಿಟ್ಟರೆ ಮರಗಳಿಂದ ಮಳೆಹನಿ ಉದುರುವ ಸದ್ದು ಕೇಳುತ್ತದೆ.

ಹುಡುಗ ಓಡಿಬಂದು ತಾಯಿಯ ಕೈ ಹಿಡಿದುಕೊಂಡ. ಬಾಯಮ್ಮ ಡಬ್ಬಿ ಕೊಟ್ಟರು, ಮಾತು ಕೊಡಲಿಲ್ಲ. ಆ ಮೌನವನ್ನು ತುಂಬಲೆಂದೇ ನಾವು ಅವನ ಓದಿನ ವಿಷಯ ತೆಗೆದೆವು.

ಗುರುದೀಕ್ಷೆಗೆ ಕನಿಷ್ಠ ಆರು ವರ್ಷದ ಓದು ಬೇಕಂತೆ: ಎರಡು ವರ್ಷ ತತ್ತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ. ಬೈಬಲ್ಲು, ಸಭೆಯ ಚರಿತ್ರೆ, ನೀತಿಶಾಸ್ತ್ರ, ಪೂಜಾವಿಧಿ ಎಲ್ಲವೂ ಅದರಲ್ಲಿ ಬರುತ್ತವೆ. ಹದಿಮೂರನೆಯ ಶತಮಾನದ ಅಕ್ವಿನೋದ ಸಂತ ತೋಮಸರ ದೊಡ್ಡ ಗ್ರಂಥದಲ್ಲಿ ಪ್ರತಿಯೊಂದು ಪ್ರಶ್ನೆಗೂ ಮೊದಲು ಎದುರಾಳಿಯ ಆಕ್ಷೇಪಗಳನ್ನೆಲ್ಲ ಹೇಳಿ, ಆಮೇಲೆ ಉತ್ತರ, ಕೊನೆಗೆ ಆಕ್ಷೇಪಕ್ಕೊಂದೊಂದು ಸಮಾಧಾನ. ನಮ್ಮ ವೇದಾಂತಿಗಳ ಪೂರ್ವಪಕ್ಷ, ಸಿದ್ಧಾಂತಗಳು ಬೇರೆ ಉಡುಪು ತೊಟ್ಟು ಬಂದಂತೆ ಕಂಡವು! ಆ ಗ್ರಂಥವನ್ನು ಅವರು ಪೂರ್ತಿ ಮಾಡದೆ 1274ರಲ್ಲಿ ತೀರಿಕೊಂಡರು.

ನಮಗೆ ಹೆಚ್ಚು ಹಿಡಿಸಿದ್ದು ಧರ್ಮಸಭೆಯ ಕಾನೂನು. 1983ರ ಸಂಹಿತೆಯಲ್ಲಿ 1752 ನಿಯಮಗಳು. ಕಟ್ಟಕಡೆಯದು ಯಾವುದರ ಬಗ್ಗೆ ಗೊತ್ತೇ? ವರ್ಗಾವಣೆ! ಪಾದ್ರಿಗಳನ್ನು ಒಂದು ಇಗರ್ಜಿಯಿಂದ ಇನ್ನೊಂದಕ್ಕೆ ವರ್ಗ ಮಾಡುವಾಗ ನ್ಯಾಯಬುದ್ಧಿಯಿರಲಿ, ಆತ್ಮಗಳ ರಕ್ಷಣೆಯೇ ಎಲ್ಲಕ್ಕೂ ಮೇಲಿನ ನಿಯಮವೆಂಬುದು ಕಣ್ಣ ಮುಂದಿರಲಿ ಎಂದು ಅದರ ತಾತ್ಪರ್ಯ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಆತ್ಮದ ಮಾತೆತ್ತಿದ ವರ್ಗಾವಣೆಯ ಆದೇಶವನ್ನು ನಾವು ಕಂಡಿಲ್ಲ.

ಆಗ ಹುಡುಗ ತಾಯಿಯ ಕಡೆ ತಿರುಗಿ, “ಮಾಂಯ್, ಮುಂಬಯಿಯ ಕಾರ್ಡಿನಲ್ ವಲೇರಿಯನ್ ಗ್ರೇಶಿಯಸ್ ಓದಿದ್ದು ನಿನ್ನ ಊರಿನಲ್ಲೇ” ಎಂದ. ನಿಜವೇ. ಕರಾಚಿಯಲ್ಲಿ ಹುಟ್ಟಿದ ಅವರು ಜೆಪ್ಪುವಿನ ಸಂತ ಜೋಸೆಫರ ಗುರುಮಠಕ್ಕೆ ಬಂದರು. ಅದು 1879ರಷ್ಟು ಹಳೆಯದು. ಅಲ್ಲಿಂದ ಸಿಂಹಳದ ಕ್ಯಾಂಡಿಗೆ, ಆಮೇಲೆ ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಭಾರತೀಯರಲ್ಲಿ ಮೊದಲ ಕಾರ್ಡಿನಲ್ ಆದರು. 1964ರ ಡಿಸೆಂಬರಿನಲ್ಲಿ ಪೋಪ್ ಆರನೆಯ ಪಾಲರು ಮುಂಬಯಿಗೆ ಬಂದಾಗ ಇಲ್ಲಿಯ ಆರ್ಚ್‌ಬಿಷಪ್ಪರು ಅವರೇ. ಕ್ಯಾಂಡಿಯ ಆ ವಿದ್ಯಾಪೀಠ 1955ರಲ್ಲಿ ಪುಣೆಗೆ ಬಂದುದರಿಂದ ಈಗಿನ ಹುಡುಗರು ಹೆಚ್ಚಿನ ಓದಿಗೆ ಸಮುದ್ರ ದಾಟಬೇಕಾಗಿಲ್ಲ.

ಬಾಯಮ್ಮ ಆಗಲೇ ಮೊದಲು ಬಾಯಿ ತೆರೆದದ್ದು. “ಆ ಸೆಮಿನರಿಯ ಗೋಡೆಯ ಪಕ್ಕದಲ್ಲೇ ನಾನು ಶಾಲೆಗೆ ಹೋಗುತ್ತಿದ್ದುದು” ಎಂದರು. ಸ್ವಲ್ಪ ತಡೆದು, “ಅವರ ತಾಯಿ ಏನೆಂದಿದ್ದಳೋ?” ಎಂದರು.

ಅಷ್ಟು ಓದಿದ ಹುಡುಗನಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ನಾವು ಹೇಳಬೇಕಾಗಿದ್ದ ನಾಲ್ಕು ಮಾತುಗಳೂ ಎಲ್ಲಿ ಹೋದವೋ. ಅವನು ಡಬ್ಬಿ ತೆರೆದು, ಒಂದು ಪತ್ರೊಡೆಯನ್ನು ಮುರಿದು ತಾಯಿಗೆ ಅರ್ಧ ಕೊಟ್ಟ. ಅವರು ತಿಂದರು.

ಮರಳುವಾಗ ದಾದರಿನವರೆಗೂ ಬಾಯಮ್ಮ ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. ಸೇತುವೆಯ ಮೆಟ್ಟಿಲಲ್ಲಿ ನಿಂತು, “ಇನ್ನೆಷ್ಟು ವರ್ಷ?” ಎಂದು ಕೇಳಿದರು. ದೈವಶಾಸ್ತ್ರ ಈಗಷ್ಟೇ ಶುರುವಾಗಿದೆ, ನಾಲ್ಕಾದರೂ ಬೇಕು ಎಂದೆವು.

“ಆಮೇಲೆ ಎಲ್ಲಿಗೆ ಹಾಕುತ್ತಾರೆ?”

“ಬಿಷಪ್ಪರು ಕಳಿಸಿದಲ್ಲಿಗೆ.”

ಗಾಡಿ ಬಂತು, ನೂಕುನುಗ್ಗಲಿನಲ್ಲಿ ಹತ್ತಿದೆವು. ಕುರ್ಲಾ ದಾಟಿದ ಮೇಲೆ ಅವರು ನಮ್ಮ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: “ಮುಲುಂಡಿನ ಇಗರ್ಜಿಗೇ ಹಾಕಿ ಎಂದು ಅರ್ಜಿ ಬರೆಯಲು ಬರುತ್ತದೆಯೇ, ರಾಯರೇ? ನೀವು ಕಚೇರಿಯವರಲ್ಲವೇ?”